ಬಾಲ್‌ಪಾರ್ಕ್ ಎಲ್ಲಿದೆ ಸ್ವಾಮಿ?

ನಮ್ಮ ಐಟಿ ಆಫೀಸುಗಳಲ್ಲಿ ಒಂದು ಕೆಟ್ಟ ಚಾಳಿ ಇದೆ. ಇಂಗ್ಲಿಷ್ ನುಡಿಗಟ್ಟು ಗೊತ್ತಿಲ್ಲದವನಿಗೆ ಕೆಲಸವೂ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಬಿಡೋದು. ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಆಮೇಲೆ ಇಂಜಿನಿಯರಿಂಗ್ ಮುಗಿಸಿ ಬಂದ ಹುಡುಗ ಕೋಡ್ ಸರಿಯಾಗೇ ಬರೀತಾನೆ. ಆದ್ರೆ ಮೀಟಿಂಗಿನಲ್ಲಿ 'ಬಾಲ್‌ಪಾರ್ಕ್ ಫಿಗರ್ ಕೊಡು' ಅಂದ್ರೆ ಸುಮ್ಮನಾಗ್ತಾನೆ. ಕೇಳಿದ್ದು ಇಷ್ಟೇ: ಅಂದಾಜು ಎಷ್ಟು ದಿನ ಬೇಕು? ಅದನ್ನ ಹಾಗೇ ಕೇಳಿದ್ರೆ ಇವರ ಗಂಟೇನು ಹೋಗ್ತಿತ್ತು? ವರ್ಷದ ಕೊನೆಗೆ ಅವನ ಅಪ್ರೈಸಲ್‌ನಲ್ಲಿ ಮಾತ್ರ 'ಕಮ್ಯುನಿಕೇಶನ್ ಸುಧಾರಿಸಬೇಕು' ಅಂತ ಬೀಳತ್ತೆ.

ಬಾಲ್‌ಪಾರ್ಕ್ ಅಂದ್ರೆ ಅಮೆರಿಕದ ಬೇಸ್‌ಬಾಲ್ ಮೈದಾನ. 'ಕರ್ವ್‌ಬಾಲ್' ಅಂದ್ರೆ ಅದೇ ಆಟದಲ್ಲಿ ಬಾಗಿ ಬರೋ ಎಸೆತ, ಮಾತಿನಲ್ಲಿ ಎಣಿಸದೇ ಬಂದ ತೊಂದರೆ. ನಮ್ಮಲ್ಲಿ ಹೇಳೋರೂ ಕೇಳೋರೂ ಆ ಆಟ ಆಡಿದವರಲ್ಲ. ನಮ್ಮದು ಕ್ರಿಕೆಟ್. ಸರಿ, ಕ್ರಿಕೆಟ್ಟಿನಿಂದ ಬಂದ 'ಸ್ಟಿಕಿ ವಿಕೆಟ್' ಅನ್ನೋ ನುಡಿಗಟ್ಟನ್ನ ಅಮೆರಿಕದ ಮ್ಯಾನೇಜರ್ ಮುಂದೆ ಹೇಳಿ ನೋಡಿ. ಮಳೆಯಲ್ಲಿ ನೆಂದು ಒಣಗ್ತಿರೋ ಪಿಚ್ಚಿನಲ್ಲಿ ಬ್ಯಾಟ್ ಮಾಡೋ ಕಷ್ಟ, ಅಂದ್ರೆ ಇಕ್ಕಟ್ಟಿನ ಪರಿಸ್ಥಿತಿ. ಅಲ್ಲಿ ಎಷ್ಟೋ ಜನಕ್ಕೆ ತಲೆಬುಡ ತಿಳಿಯಲ್ಲ. ಅವರಿಗೆ ಇಂಗ್ಲಿಷ್ ಬರಲ್ಲ ಅಂತೀವಾ?

ಇನ್ನೂ ತಮಾಷೆ ಕೇಳಿ. ಒಂದು ವಿಷಯವನ್ನ 'ಟೇಬಲ್ ಮಾಡೋಣ' ಅಂದ್ರೆ ಬ್ರಿಟಿಷರಿಗೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ. ಅಮೆರಿಕದವರಿಗೆ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ! ಎರಡನೇ ಮಹಾಯುದ್ಧದ ಸಮಯದಲ್ಲಿ ಎರಡೂ ದೇಶದವರು ಈ ಒಂದೇ ಪದಕ್ಕಾಗಿ ಬಹಳ ಹೊತ್ತು ವಾದ ಮಾಡಿದ್ದನ್ನ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತಂತೆ. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದವರ ಪಾಡೇ ಇದು...

'ಭಾಷೆ ಅಂದಮೇಲೆ ನುಡಿಗಟ್ಟು ಇರಲೇಬೇಕಲ್ಲ, ಕಲಿತರೆ ತಪ್ಪೇನು?' ಅಂತ ಕೇಳ್ತೀರಿ. ಖಂಡಿತ ಕಲೀಲಿ, ಚೆಂದವೇ. 'ಕಳ್ಳ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ' ಅಂತ ಪೇಪರಿನಲ್ಲಿ ಓದಿದಾಗ ನಮಗೆ ಸಿಗೋ ಖುಷಿಯೇ ಬೇರೆ. ಆದ್ರೆ ಕನ್ನಡ ಕಲೀತಿರೋ ಬಿಹಾರದ ಸಹೋದ್ಯೋಗಿ 'ಅದ್ಯಾವ ಹಣ್ಣು?' ಅಂತ ಕೇಳಿದ್ರೆ ಅವನನ್ನ ದಡ್ಡ ಅನ್ನಲ್ಲ. ಯಾಮಾರಿಸಿ ತಪ್ಪಿಸಿಕೊಂಡ ಅಂತ ಬಿಡಿಸಿ ಹೇಳ್ತೀವಿ. ಅಷ್ಟು ಸೌಜನ್ಯ ನಮ್ಮ ಹುಡುಗರ ಪಾಲಿಗೆ ಯಾಕಿಲ್ಲ?

ನುಡಿಗಟ್ಟು ಹುಟ್ಟೋದು ಒಂದು ಊರಿನ ಆಟ, ಮಳೆ, ಹಣ್ಣುಗಳಿಂದ. ಆ ಊರಿನಲ್ಲಿ ಬೆಳೆಯದವನನ್ನ ಅದರಿಂದ ಅಳೆಯೋದು ಅನ್ಯಾಯ. ಬೆಂಗಳೂರಿನ ಟೀಮು, ಜರ್ಮನಿಯ ಗ್ರಾಹಕ, ಅಮೆರಿಕದ ಮ್ಯಾನೇಜರ್ ಒಂದೇ ಕಾಲ್‌ನಲ್ಲಿ ಇರುವಾಗ ನೇರವಾಗಿ ಹೇಳೋದೇ ಒಳ್ಳೆ ಇಂಗ್ಲಿಷ್.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು. ಮುಂದಿನ ಸಲ ಯಾರಾದ್ರೂ ಬಾಲ್‌ಪಾರ್ಕ್ ಅಂದ್ರೆ 'ಹಾಗಂದ್ರೇನು?' ಅಂತ ಜೋರಾಗೇ ಕೇಳಿ. ಗೊತ್ತಿಲ್ಲದೇ ತಲೆಯಾಡಿಸ್ತಾ ಕೂತ ಉಳಿದವರಿಗೂ ಉಪಕಾರ ಆಗತ್ತೆ :-)