ಔಷಧಿ ಅಂಗಡಿಯ ಕಣ್ಣಳತೆ

ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ಗುಡಿಯ ಕಥೆಯೊಂದು ಇಲ್ಲಿನ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಹರಿಹರನ ನಂಬಿಯಣ್ಣ, ಅಂದರೆ ತಮಿಳರ ಸುಂದರರ್, ಇಲ್ಲಿಯೇ ಸಂಗಿಲಿಯ ಕೈಹಿಡಿದರು. ಊರು ಬಿಡೆನೆಂದು ಕೊಟ್ಟ ಮಾತನ್ನು ಮುರಿದು ಎಲ್ಲೆ ದಾಟಿದಾಗ ಕಣ್ಣು ಕಳೆದುಕೊಂಡರೆಂದು ಪೆರಿಯಪುರಾಣ ಹೇಳುತ್ತದೆ. ಅವರಿಗೆ ತಮ್ಮ ಕುರುಡು ಆ ಕ್ಷಣವೇ ತಿಳಿಯಿತು. ಇದೇ ಊರಿನ ಔಷಧಿ ಅಂಗಡಿಯೊಂದರಲ್ಲಿ ನಾನು ಕಂಡ ಕುರುಡು ಅಂಥದಲ್ಲ. ಅದು ಉಳ್ಳವರಿಗೇ ತಿಳಿಯದು.

ಕಳೆದ ವರ್ಷದ ಒಂದು ಸಂಜೆ ರಕ್ತದೊತ್ತಡದ ಮಾತ್ರೆಗಾಗಿ ಆ ಅಂಗಡಿಯ ಮುಂದೆ ನಿಂತಿದ್ದೆ. ನನಗಿಂತ ಮೊದಲೇ ಬಂದಿದ್ದ ಈಶಾನ್ಯ ರಾಜ್ಯದ ಯುವಕನೊಬ್ಬ ವೈದ್ಯರ ಚೀಟಿ ಚಾಚಿದ್ದ. ಅಂಗಡಿಯವರು ನನ್ನನ್ನು ಕಂಡೊಡನೆ "ವಾಂಗ ಸಾರ್" ಎಂದು ಬಹುವಚನದಲ್ಲಿ ಸ್ವಾಗತಿಸಿದರು. ಅವನ ಕಡೆ ತಿರುಗಿ, ಏಕವಚನದಲ್ಲಿ, ಎಲ್ಲರಿಗೂ ಕೇಳುವಂತೆ, "ಇದು ಎಚ್.ಐ.ವಿ. ಮಾತ್ರೆ, ನಿನಗೇಕೆ?" ಎಂದು ತಮಿಳಿನಲ್ಲಿ ಕೇಳಿದರು. ಅವನು ತಡವರಿಸಿದ. ಕಪಾಟಿನತ್ತ ನೋಡದೆಯೇ "ಇಲ್ಲ" ಎಂಬ ಉತ್ತರ ಬಂತು. ಅವನು ಚೀಟಿ ಮಡಚಿಕೊಂಡು ಹೊರಟುಹೋದ. ಅವನಿಗೆ ಆ ಮಾತ್ರೆ ಏಕೆ ಬೇಕಿತ್ತೆಂಬುದು ನನಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಅವನು ನನ್ನ ಪಕ್ಕದಲ್ಲಿ ಹಾದುಹೋದಾಗ ನಾನು ಅರ್ಧ ಹೆಜ್ಜೆ ಸರಿದೆನೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಸ್ನಾತಕೋತ್ತರ ಪದವಿಯೂ ಕೇಂದ್ರ ಸರ್ಕಾರದ ಮೂರು ದಶಕಗಳ ಸೇವೆಯೂ ಆ ಅರ್ಧ ಹೆಜ್ಜೆಯನ್ನು ತಡೆಯಲಿಲ್ಲ.

ಸೋಂಕು ತಗುಲಿರಬಹುದೆಂಬ ಶಂಕೆಯಿದ್ದಾಗ ತಡೆ ಔಷಧವನ್ನು ಎಪ್ಪತ್ತೆರಡು ಗಂಟೆಗಳೊಳಗೆ ಆರಂಭಿಸಿ ಇಪ್ಪತ್ತೆಂಟು ದಿನ ಸೇವಿಸಬೇಕು. ತಡವಾದಷ್ಟೂ ಫಲ ಕಡಿಮೆ. ಆದುದರಿಂದ ಅಂದಿನ "ಇಲ್ಲ" ಬರಿಯ ಅಸೌಜನ್ಯವಲ್ಲ. ಒಬ್ಬನ ಗಡಿಯಾರದಿಂದ ಕದ್ದ ಕಾಲ.

ಈ ದೋಷ ನಮ್ಮೊಬ್ಬರದಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಎಚ್.ಐ.ವಿ. ತಡೆ ಔಷಧ ಬೇಡುವ ರೋಗಿಯ ವಿವರ ಕೊಡಲಾಯಿತು. ಬಣ್ಣವೊಂದನ್ನು ಮಾತ್ರ ಬದಲಿಸಲಾಯಿತು. ಔಷಧ ಸಿಕ್ಕರೆ ಕರಿಯನೇ ಹೆಚ್ಚು ಸ್ವೇಚ್ಛಾಚಾರಿಯಾದಾನೆಂದು ಅವರು ಭಾವಿಸಿದರು. ಹಾಗೆ ಭಾವಿಸಿದಷ್ಟೂ ಔಷಧ ಬರೆದುಕೊಡುವ ಮನಸ್ಸು ಕುಗ್ಗಿತು. ನಮ್ಮಲ್ಲೂ 1980ರ ದಶಕದಲ್ಲಿ ಇದು ಪರದೇಶಿಯರ ರೋಗವೆಂಬ ನಂಬಿಕೆ ಬಲವಾಗಿತ್ತು. ಆಫ್ರಿಕದ ವಿದ್ಯಾರ್ಥಿಗಳು ಶಂಕೆಯ ಪರೀಕ್ಷೆಗೆ ಒಳಗಾದರು. ಆದರೆ 1986ರಲ್ಲಿ ಇದೇ ಮದರಾಸಿನ ವೈದ್ಯಕೀಯ ಕಾಲೇಜಿನ ಡಾ. ಸುನಿತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ದೇಶದ ಮೊದಲ ಸೋಂಕುಗಳನ್ನು ಪತ್ತೆಮಾಡಿದ್ದು ಇಲ್ಲಿನ ಮಹಿಳೆಯರ ರಕ್ತದಲ್ಲಿಯೇ. ರೋಗ ಮನೆಯೊಳಗಿತ್ತು, ನಾವು ಬೀದಿಯಲ್ಲಿ ಮುಖ ಹುಡುಕುತ್ತಿದ್ದೆವು.

ಕಾನೂನು ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಆದರೆ ಅದರ ತಾರತಮ್ಯ ನಿಷೇಧ ಮುಖ್ಯವಾಗಿ ಕಾಯುವುದು ಸೋಂಕಿತರನ್ನು ಹಾಗೂ ಅವರೊಡನೆ ಬಾಳುವವರನ್ನು. ಸೋಂಕು ತಗುಲದಿರಲೆಂದು ಮಾತ್ರೆ ಕೇಳುವವನು ಆ ಕೊಡೆಯ ಅಂಚಿನಲ್ಲಿ ನೆನೆಯುತ್ತ ನಿಲ್ಲುತ್ತಾನೆ.

ಹಾಗಾದರೆ ಉಪಾಯವೇನು? ಒಂದು ದಿನದ ಉಪನ್ಯಾಸದಿಂದ ಮನಸ್ಸು ತೊಳೆಯದು. ಅಂಥ ಬೋಧನೆಯ ಪರಿಣಾಮ ಕೆಲವೇ ದಿನಗಳಲ್ಲಿ ಮಾಸುತ್ತದೆಂದು ಸಂಶೋಧಕರೇ ತೋರಿಸಿದ್ದಾರೆ. ಮನಸ್ಸು ತಿದ್ದುವುದಕ್ಕಿಂತ ಪದ್ಧತಿಯನ್ನು ತಿದ್ದುವುದು ಸುಲಭ. ಕಚೇರಿಯಲ್ಲಿ ನಾವು ಕಲಿತ ಪಾಠವೂ ಅದೇ: ಅಧಿಕಾರಿಯ ಸದ್ಗುಣವನ್ನು ನಂಬಿ ಯಾರೂ ನಿಯಮ ಬರೆಯುವುದಿಲ್ಲ. ಚೀಟಿ ತಂದ ಪ್ರತಿಯೊಬ್ಬರಿಗೂ ಅಚ್ಚಾದ ಅವೇ ನಾಲ್ಕು ಪ್ರಶ್ನೆಗಳು. ಅವನ್ನು ತಗ್ಗಿದ ದನಿಯಲ್ಲಿ ಕೇಳಲು ಒಂದು ಮೂಲೆ. ಹಿಂದಿ, ಬಂಗಾಳಿ, ಒಡಿಯಾ ಬಲ್ಲವರಿಗೂ ಅರ್ಥವಾಗುವ ಫಲಕ. ದಾಸ್ತಾನಿಲ್ಲದಿದ್ದರೆ ಸಮೀಪದ ಸರ್ಕಾರಿ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದ ವಿಳಾಸವನ್ನೂ 1097 ಸಹಾಯವಾಣಿಯನ್ನೂ ಬರೆದುಕೊಡುವ ಕಡ್ಡಾಯ. ಇಷ್ಟಿದ್ದರೆ ಕಣ್ಣಳತೆಗೆ ಅವಕಾಶ ಕಡಿಮೆ. ಔಷಧ ವಿಜ್ಞಾನದ ಡಿಪ್ಲೊಮಾದಲ್ಲಿ 2020ರ ನಿಯಮಾವಳಿಯಿಂದ ಸೋಷಿಯಲ್ ಫಾರ್ಮಸಿ ಒಂದು ವಿಷಯವಾಗಿದೆ. ಈ ಪದ್ಧತಿ ಅಲ್ಲಿಯೇ ಅಭ್ಯಾಸವಾಗಬೇಕು.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲಿ ಏನು ಪಾತ್ರ? 1991ರಲ್ಲಿ ಮತ್ತು 2016ರಲ್ಲಿ ಕಾವೇರಿ ಕುದಿದಾಗ, ಬಾಯಿ ತೆರೆದರೆ ಭಾಷೆ ತಿಳಿದೀತೆಂದು ಬಸ್ಸಿನಲ್ಲಿ ಮೌನವಾಗಿ ಕುಳಿತವರು ನಾವು. ಬೆಂಗಳೂರಿನ ತಮಿಳರೂ ಹಾಗೆಯೇ ಕುಳಿತಿದ್ದರು. 2012ರ ಆಗಸ್ಟ್‌ನಲ್ಲಿ ಈಶಾನ್ಯದ ಸಾವಿರಾರು ಮಕ್ಕಳು ವದಂತಿಗೆ ಬೆದರಿ ಬೆಂಗಳೂರಿನಿಂದ ರೈಲು ಹತ್ತಿದ್ದನ್ನೂ ನಾವು ಕಂಡಿದ್ದೇವೆ. ಮುಖ ನೋಡಿ ಅಳೆಯುವ ಕಣ್ಣಿಗೆ ಗುರಿಯಾಗುವ ನೋವನ್ನು ಬಲ್ಲವರು, ಆ ಕಣ್ಣು ನಮ್ಮ ಮುಖದಲ್ಲಿಯೂ ಇದೆಯೆಂದು ಮೊದಲು ಒಪ್ಪಬೇಕು. ನಮ್ಮ ಸಂಘಗಳಲ್ಲಿ ಔಷಧಿ ವ್ಯಾಪಾರಿಗಳಿದ್ದಾರೆ, ವೈದ್ಯರಿದ್ದಾರೆ. ರಾಜ್ಯೋತ್ಸವದ ಸಭೆಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆಂದು ಮೀಸಲಿಡುವುದು ಅವರಿಂದ ಸಾಧ್ಯ.

ಆ ಸಂಜೆ ನಾನು ಮಾಡಬಹುದಾಗಿದ್ದ ಕೆಲಸ ದೊಡ್ಡದಲ್ಲ. "ಒಮ್ಮೆ ಕಪಾಟು ನೋಡಿ" ಎಂದಷ್ಟೇ ಹೇಳಬಹುದಿತ್ತು. ನನ್ನ "ಸಾರ್" ಎಂಬ ಗೌರವಕ್ಕೆ ಅಷ್ಟು ಬೆಲೆಯಾದರೂ ಇತ್ತು. ಹೇಳಲಿಲ್ಲ. ಮಾತ್ರೆ ಕೊಂಡು ಮನೆಗೆ ಬಂದೆ.