ಕವಡೆಯೊಳಗಿನ ಹೌದು-ಇಲ್ಲ

ಮಕ್ಕಳೇ, ಅಜ್ಜಿಯ ಜೊತೆ ಚೌಕಾಬಾರ ಆಡಿದ್ದೀರಲ್ಲ? ಕವಡೆ ಬಿದ್ದರೆ ಎರಡೇ ರೀತಿ: ಬಾಯಿ ಮೇಲೆ, ಇಲ್ಲವೇ ಬೆನ್ನು ಮೇಲೆ. ಕಂಪ್ಯೂಟರು ‘ಹೌದು’, ‘ಇಲ್ಲ’ಗಳನ್ನು ಇಟ್ಟುಕೊಳ್ಳುವುದೂ ಹೀಗೆಯೇ. ಅದರ ಒಂದು ಕವಡೆಗೆ ಬಿಟ್ ಎಂದು ಹೆಸರು. ಬಾಯಿ ಮೇಲಿದ್ದರೆ 1, ಬೆನ್ನು ಮೇಲಿದ್ದರೆ 0. ‘ಹೌದು’ ಎಂದು ಕನ್ನಡದಲ್ಲೇ ಟೈಪ್ ಮಾಡಿಟ್ಟರೆ ಸಾಮಾನ್ಯವಾಗಿ 96 ಬಿಟ್ ಜಾಗ ಬೇಕು. ಅಷ್ಟರಲ್ಲಿ 96 ಪ್ರಶ್ನೆಗಳ ಉತ್ತರ ಇಡಬಹುದಿತ್ತು!

ಆಟದಲ್ಲಿ ಎಷ್ಟು ಕವಡೆ ಬಾಯಿ ತೆರೆದವು ಎಂದು ಎಣಿಸಿದರೆ ಸಾಕು. ಇಲ್ಲಿ ಯಾವ ಕವಡೆ ಯಾರದ್ದು ಎಂಬುದೂ ಗೊತ್ತಿರಬೇಕು. ನಮ್ಮ ಕಡೆಯ ಐದು ಊರುಗಳನ್ನೇ ಸಾಲಾಗಿ ಇಡೋಣ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ‘ಬಳ್ಳಾರಿ ಜಿಲ್ಲೆಯೇ?’ ಎಂದು 1990ರಲ್ಲಿ ಕೇಳಿದ್ದರೆ 11111. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಸಾಲು 11110 ಆಯಿತು.

ತಿರುಗಿದ್ದು ಒಂದೇ ಕವಡೆ. ಆದರೆ 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂದು, ಬಳ್ಳಾರಿಯ ಮಕ್ಕಳಿಗೆ ಓದು, ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಾಗ ಹರಪನಹಳ್ಳಿಯ ಮಕ್ಕಳು ಹೊರಗೇ ಉಳಿದರು. ಮುಂದೆ ತಾಲ್ಲೂಕು ಬಳ್ಳಾರಿಗೆ ಮರಳಿತು, ಸೌಲಭ್ಯವೂ ಬಂತು. 2021ರಲ್ಲಿ ಐದೂ ಊರು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು.

ಈಗ ಎರಡು ಪ್ರಶ್ನೆ ಒಟ್ಟಿಗೆ ಕೇಳೋಣ. 1998ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದ್ದವು: 11110. ಆಗ ತಾಲ್ಲೂಕು ಕೇಂದ್ರವಾಗಿದ್ದವು: 10111. (ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು.) ಒಂದರ ಕೆಳಗೊಂದು ಬರೆಯಿರಿ. ಎರಡೂ ಕಡೆ 1 ಇದ್ದಲ್ಲಿ ಮಾತ್ರ 1 ಹಾಕಿ: 10110. ಉತ್ತರ ಬಂತು! ಇಂದಿನ ಕಂಪ್ಯೂಟರು ಇಂಥ 64 ಜೋಡಿಗಳನ್ನು ಒಂದೇ ಏಟಿಗೆ ನೋಡಬಲ್ಲದು.

ದೊಡ್ಡ ಪಟ್ಟಿಯಲ್ಲಿ ಬೇಗ ಹುಡುಕಲು ಇಂಡೆಕ್ಸ್ ಎಂಬ ಸೂಚಿ ಇಡುತ್ತಾರೆ. ಎಲ್ಲರೂ ‘ಹೌದು’ ಎನ್ನುವ ಪ್ರಶ್ನೆಗೆ ಸೂಚಿ ಇಟ್ಟು ಏನು ಬಂತು? ಇಡೀ ಪುಸ್ತಕ ಓದಿದಷ್ಟೇ ಕೆಲಸ. ಸಾವಿರಕ್ಕೆ ಒಬ್ಬರು ಮಾತ್ರ ‘ಇಲ್ಲ’ ಎಂದಿದ್ದರೆ, ಅವರ ಹೆಸರನ್ನಷ್ಟೇ ಚಿಕ್ಕ ಚೀಟಿಯಲ್ಲಿ ಬರೆದಿಡುವುದು ಜಾಣತನ.

ನನಗೆ ಹೆದರಿಕೆ ಇರುವುದು ಕವಡೆಯೇ ಇಲ್ಲದ ಖಾಲಿ ಮನೆಯ ಬಗ್ಗೆ. ಖಾಲಿ ಎಂದರೆ ‘ಇಲ್ಲ’ ಅಲ್ಲ, ‘ಗೊತ್ತಿಲ್ಲ’. ‘ಹೌದು ಎಂದವರು ಯಾರು?’ ಎಂದರೂ ‘ಇಲ್ಲ ಎಂದವರು ಯಾರು?’ ಎಂದರೂ ಆ ಹೆಸರು ಬರುವುದಿಲ್ಲ. ಅವಸರದಲ್ಲಿ ಯಾರಾದರೂ ಅಲ್ಲಿ 0 ಇಟ್ಟರೆ ಸೀಟು ಹೋಯಿತು. ಅಜ್ಜಂದಿರೇ, ಮೊಮ್ಮಕ್ಕಳ ಅರ್ಜಿಯಲ್ಲಿ 371(ಜೆ) ಕಲಂ ತುಂಬಿದೆಯೇ ಎಂದು ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿಬಿಡಿ.