ಬ್ಯಾಟರಿಯೋ, ಆಲ್ಟರ್ನೇಟರೋ?

ಕಳೆದ ಚಳಿಗಾಲದಲ್ಲಿ ಬೆಳಗಿನ ಪಾಳಿಗೆ ಹೊರಟಾಗ ನಮ್ಮ ಕಾರು ಟಿಕ್ ಟಿಕ್ ಅಂದು ಸುಮ್ಮನಾಯ್ತು. ಅವತ್ತಿನ ಸಂಬಳವೂ ಹೋಯ್ತು. ಅವಸರದಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು. ನಾಲ್ಕೇ ದಿನಕ್ಕೆ ಅದೂ ಮಲಗಿತು. ಕೆಟ್ಟಿದ್ದು ಆಲ್ಟರ್ನೇಟರ್, ಇಲ್ಲಿಯವರ ಮಾತಲ್ಲಿ ಲಿಷ್ಟ್‌ಮಶೀನೆ. ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಅದಕ್ಕೇ ಮೊದಲು ಮಲ್ಟಿಮೀಟರ್ ಹಿಡಿದು ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. 12ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ: ಬೆಲ್ಟು, ವೈರು, ಆಲ್ಟರ್ನೇಟರ್ ತೋರಿಸಿ. 14 ಬಂದರೂ ಬೆಳಗ್ಗೆ ಇಳಿದಿದ್ದರೆ ಬ್ಯಾಟರಿ ಹಳೆಯದಾಗಿರಬಹುದು, ಇಲ್ಲವೇ ನಿಂತಲ್ಲೇ ಏನೋ ಕರೆಂಟ್ ಎಳೆಯುತ್ತಿರಬಹುದು.

ಹೊಸದು ಕೊಳ್ಳುವಾಗ ಹಳೆಯದನ್ನು ಒಯ್ಯಿರಿ, 7.50 ಯೂರೋ ಪ್ಫಾಂಡ್ ಉಳಿಯುತ್ತೆ.